ಆಚೆ ದಡದ ಗಂಟೆ

“ಅಜ್ಜಾ, ಹಳೆಯ ನಡೆಯನ್ನು ಬಿಡದ ಈ ಮೇಲೋಣಿಯ ಮಂದಿ ಯಾರ ಮಾತು ಕೇಳಿ ಓಟು ಹಾಕುತ್ತಾರೆ? ಅವರಿಗೆ ಲೋಕದ ಸುದ್ದಿ ಬರುವುದಾದರೂ ಎಲ್ಲಿಂದ?”

ಮಠದ ದಾಸೋಹದಲ್ಲಿ ಬಡಿಸುವ ಸೇವೆ ಮಾಡುತ್ತಿದ್ದ ಅಡಿವೆಪ್ಪ ತನ್ನ ಗುರುಗಳಾದ ಅಜ್ಜನವರನ್ನು ಹೀಗೆ ಕೇಳಿದ. ಊರಿನಲ್ಲಿ ಚುನಾವಣೆ ಹತ್ತಿರ ಬಂದಿತ್ತು. ಅಂದು ಮಧ್ಯಾಹ್ನ ಪಾತ್ರೆ ಮಾರುವವನೊಬ್ಬ ಪಂಕ್ತಿಯಲ್ಲಿ ಕುಳಿತು, ಮೇಲೋಣಿಯ ಹಿರಿಯರು ಎಂಥೆಂಥ ಮಾತುಗಳನ್ನು ನಂಬಿದ್ದಾರೆಂದು ಒಂದೊಂದಾಗಿ ಹೇಳಿದ್ದ. ಹೊಸಬರು ಗೆದ್ದರೆ ಮಠಕ್ಕೆ ಬೀಗ ಬೀಳುತ್ತದಂತೆ, ವಿಭೂತಿಗೂ ಕಂದಾಯ ಕಟ್ಟಬೇಕಂತೆ. ಅಡಿವೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗುತ್ತಲೇ ಅವನ ಎಲೆಗೆ ಮತ್ತೊಂದು ಸೌಟು ಹುಗ್ಗಿ, ಅದರ ಮೇಲೆ ಇನ್ನೊಂದು ಸೌಟು ಸುರಿದಿದ್ದ. ಪಂಕ್ತಿಯ ಕೊನೆಯಲ್ಲಿ ಮೇಲೋಣಿಯ ಇಬ್ಬರು ಮುದುಕರೇ ಕುಳಿತಿದ್ದರು. ಅವರ ತನಕ ಹೋಗುವಷ್ಟರಲ್ಲಿ ಹುಗ್ಗಿ ಮುಗಿದಿತ್ತು.

ಅಜ್ಜನವರು ಕೈಯಲ್ಲಿದ್ದ ರುದ್ರಾಕ್ಷಿಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು.

“ಕೂಡು ತಮ್ಮಾ. ಒಂದು ಕತೆ ಕೇಳು,” ಎಂದರು.

ಒಂದು ಹೊಳೆ. ಕೂಗಳತೆಯಷ್ಟೇ ಅಗಲ, ಆದರೆ ಈಸಿ ದಾಟಲಾರದಷ್ಟು ಆಳ ಮತ್ತು ಸೆಳೆತ. ಈಚೆ ದಡದ ಊರಿನಲ್ಲಿ ಒಬ್ಬ ರೈತನಿದ್ದ. ಶಿವನಿಗೆ ಕೈ ಮುಗಿಯದೆ ನೀರು ಮುಟ್ಟುವವನಲ್ಲ, ಹಸಿದು ಬಂದವರಿಗೆ ಹಾಕದೆ ತಾನು ಉಣ್ಣುವವನಲ್ಲ. ಅವನ ಮನೆದೇವರ ಗುಡಿ ಆಚೆ ದಡದಲ್ಲಿತ್ತು. ಆ ಗುಡಿಯ ಗಂಟೆ ಅವನ ಮುತ್ತಜ್ಜ ಮಾಡಿಸಿಕೊಟ್ಟದ್ದು. ಒಬ್ಬಳೇ ಮಗಳನ್ನು ಕೊಟ್ಟದ್ದೂ ಆಚೆ ದಡಕ್ಕೇ. ಮಗಳು ಈಗ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರಬೇಕಾದವಳು. ಎರಡು ದಡಕ್ಕೂ ಇದ್ದದ್ದು ಒಂದೇ ದೋಣಿ.

ರೈತ ಸಂತೆಗೆ ಹೋದರೂ ಸಂತೆಯ ಸುದ್ದಿಯನ್ನು ಮನೆಗೆ ತರುತ್ತಿರಲಿಲ್ಲ.

“ಸಂತೆಯ ಮಾತಿಗೆ ತಂದೆಯಿಲ್ಲ, ತಾಯಿಯಿಲ್ಲ. ನನ್ನ ಮನೆಯ ಉಪ್ಪುಂಡವನು ನನಗೆ ಸುಳ್ಳು ಹೇಳಲಾರ,” ಎನ್ನುತ್ತಿದ್ದ.

ಸಂಜೆ ದೋಣಿಯಿಳಿದು ಬಂದ ದಾರಿಹೋಕರು ಅವನ ಜಗಲಿಯಲ್ಲಿ ಉಂಡು ಮಲಗುವುದು ಹಿರಿಯರ ಕಾಲದಿಂದ ಬಂದ ರೂಢಿ. ಅವರು ಹೇಳಿದ್ದೇ ಅವನಿಗೆ ಸುದ್ದಿ. ಬೆಳಗಾದರೆ ಹಳೆಯ ನಡೆಯ ಮನೆಗಳವರೆಲ್ಲ ಬಂದು ಅವನ ಬಾಯಿ ನೋಡುತ್ತಿದ್ದರು. ಅವನು ಹೌದೆಂದದ್ದು ಅವರಿಗೆ ಹೌದು.

ಒಂದು ಸಂಜೆ ಉಣ್ಣುತ್ತ ಕುಳಿತ ದಾರಿಹೋಕನೊಬ್ಬ, “ಯಜಮಾನರೇ, ಇವತ್ತು ಆಚೆ ದಡದ ಗುಡಿಯಲ್ಲಿ ಗಂಟೆ ತಡವಾಗಿ ಬಾರಿಸಿದರು,” ಎಂದ.

“ಶಿವ ಶಿವಾ! ಮುತ್ತಜ್ಜನ ಗಂಟೆಗೆ ಇಂಥ ಗತಿ ಬಂತೇ!” ಎಂದು ರೈತ ನೊಂದುಕೊಂಡ. ನಿಜವಾದ ಮಾತು ಹೇಳಿದ ಪುಣ್ಯಾತ್ಮನೆಂದು ತುಪ್ಪದ ಮಿಳ್ಳೆಯನ್ನು ತಾನೇ ಕೈಗೆತ್ತಿಕೊಂಡು ಅವನ ಅನ್ನದ ಮೇಲೆ ಧಾರೆಯಾಗಿ ಬಗ್ಗಿಸಿದ.

ಮತ್ತೊಬ್ಬ ಬಂದ. ಆಚೆಯವರು ಗಂಟೆ ಬಾರಿಸುವುದನ್ನೇ ಬಿಟ್ಟಿದ್ದಾರೆ, ನಾವು ಹೊಸ ಕಾಲದವರು ಎನ್ನುತ್ತಿದ್ದಾರೆ ಎಂದ. ಮಿಳ್ಳೆ ಮೇಲೆದ್ದಿತು. ಇನ್ನೊಬ್ಬ ಬಂದ. ಎಲ್ಲ ಕ್ಷೇಮವಾಗಿದೆ, ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತಾರೆ ಎಂದ. ‘ಪಾಪ, ಮೇಲುಮೇಲೆ ನೋಡಿ ಬಂದವನು, ಒಳಗಿನದು ಇವನಿಗೇನು ಗೊತ್ತು’ ಎಂದುಕೊಂಡ ರೈತ. ಬೈಯಲಿಲ್ಲ, ಎಬ್ಬಿಸಲಿಲ್ಲ. ಮಜ್ಜಿಗೆ ಬಡಿಸಿದ. ಮಿಳ್ಳೆ ಮಾತ್ರ ಇದ್ದಲ್ಲೇ ಇತ್ತು.

ಒಳಗಿನಿಂದ ನೋಡುತ್ತಿದ್ದ ಹೆಂಡತಿ ಆಮೇಲೆ ಕೇಳಿದಳು: “ಏನ್ರೀ, ಆ ಕೊನೆಯವರಿಗೆ ತುಪ್ಪವೇ ಬೀಳಲಿಲ್ಲವಲ್ಲ?”

“ಬಿದ್ದಿರಬೇಕು, ಬಿಡೇ,” ಎಂದ ರೈತ. ಅವನು ಸುಳ್ಳು ಹೇಳಲಿಲ್ಲ. ಬಿದ್ದಿದೆ ಎಂದೇ ತಿಳಿದಿದ್ದ.

ಕೆಲವು ಕಾಲ ಕಳೆಯಿತು. ಎಲ್ಲ ಕ್ಷೇಮ ಎನ್ನುವವರು ಆ ಜಗಲಿಗೆ ಬರುವುದು ನಿಂತುಹೋಯಿತು. ಗಂಟೆಯನ್ನು ಕೆಳಗಿಳಿಸಿದರು ಎಂಬ ಸುದ್ದಿ ಬಂತು. ಕರಗಿಸಿದರು ಎಂದೂ ಬಂತು. ಕಡೆಗೊಬ್ಬ, ಅದರಲ್ಲಿ ಕೊಳಗ ಮಾಡಿಸಿ ಸಾರು ಕುದಿಸುತ್ತಿದ್ದಾರೆ, ಕಣ್ಣಾರೆ ಕಂಡೆ ಎಂದ. ರೈತ ಕಿವಿ ಮುಚ್ಚಿಕೊಂಡ. ಅಂದು ಮಿಳ್ಳೆ ಬರಿದಾಯಿತು.

ಅದೇ ಸಮಯಕ್ಕೆ ಊರಿಗೆ ಮುಖ್ಯಸ್ಥನನ್ನು ಆರಿಸುವ ದಿನ ಬಂತು. ನಿಂತವರು ಇಬ್ಬರು. ಒಬ್ಬ ಬಡಗಿ. ಈ ದೋಣಿ ಹಳೆಯದಾಯಿತು, ದೊಡ್ಡದು ಕಟ್ಟೋಣ ಎಂದ. ಇನ್ನೊಬ್ಬ ವ್ಯಾಪಾರಿ. ಗಂಟೆ ಕರಗಿಸಿದವರ ಗಾಳಿ ನಮಗೇಕೆ, ದೋಣಿಯನ್ನೇ ನಿಲ್ಲಿಸೋಣ ಎಂದ.

ಬಡಗಿ ರೈತನ ಬಳಿಗೆ ಬಂದು ಕೈ ಮುಗಿದ. “ಯಜಮಾನರೇ, ಒಂದೇ ಒಂದು ಸಂಜೆ ನನ್ನ ಜೊತೆ ಹೊಳೆಯ ದಂಡೆಗೆ ಬನ್ನಿ. ಊರೊಳಗೆ ಕೇಳಿಸುವುದಿಲ್ಲ. ಅಲ್ಲಿ ನಿಂತರೆ ಗಂಟೆ ಕೇಳಿಸುತ್ತದೆ.”

“ಚೆನ್ನಾಗಿ ಹೇಳಿದೆ! ಸಂಜೆ ಹೊತ್ತಿನಲ್ಲಿ ಜಗಲಿಯ ಮೇಲೆ ಅತಿಥಿಗಳನ್ನು ಬಿಟ್ಟು ನಾನು ಹೊಳೆಗೆ ಬರಲೇ? ಅವರು ಅಲ್ಲಿಂದಲೇ ಬಂದವರಪ್ಪ. ನಿನಗಿಂತ ಅವರಿಗೆ ಹೆಚ್ಚು ಗೊತ್ತು,” ಎಂದ ರೈತ. ಬಡಗಿ ತಲೆ ತಗ್ಗಿಸಿಕೊಂಡು ಹೋದ.

ಮತದ ಹಿಂದಿನ ಸಂಜೆ ಕಂಬಳಿ ಮಾರುವವನೊಬ್ಬ ಜಗಲಿಗೆ ಬಂದ. ರೈತನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರೈತನೇ ಕೇಳಿದ: “ಆಚೆಯಿಂದ ಬಂದೆಯಾ? ಗಂಟೆಯ ವಿಷಯ ಹೇಳಪ್ಪ.” ಕಂಬಳಿಯವನು ರೈತನ ಕೈಯನ್ನು ನೋಡಿದ. ಕೈ ಮಿಳ್ಳೆಯ ಮೇಲಿತ್ತು. ತೆರೆದ ಬಾಯಿ ಒಮ್ಮೆ ಮುಚ್ಚಿ ಮತ್ತೆ ತೆರೆಯಿತು.

“ಗಂಟೆಯೆಲ್ಲಿದೆ ಯಜಮಾನರೇ, ಕೊಳಗವಾಯಿತಲ್ಲ,” ಎಂದ. ತುಪ್ಪ ಬಿತ್ತು. ಉಂಡ, ಮಲಗಿದ, ಬೆಳಗ್ಗೆ ಎದ್ದು ಕಂಬಳಿಯ ಗಂಟು ಹೊತ್ತುಕೊಂಡು ಹೋದ.

ಮರುದಿನ ಚಾವಡಿಯಲ್ಲಿ ಮುಚ್ಚಿದ ಗಡಿಗೆ ಇಟ್ಟರು. ಬಡಗಿಯ ಪರವಾದವರು ಜೋಳದ ಕಾಳು, ವ್ಯಾಪಾರಿಯ ಪರವಾದವರು ಕಡಲೆಕಾಳು ಹಾಕಬೇಕು. ರೈತ ಮನೆದೇವರನ್ನು ನೆನೆದು ಕಡಲೆಕಾಳು ಹಾಕಿದ. ‘ಮಗಳಿಗೆ ದಿನ ತುಂಬಲು ಇನ್ನೂ ಹೊತ್ತಿದೆ. ಆಗ ಗಾಡಿ ಕಟ್ಟಿ, ದಿನಗಟ್ಟಲೆ ಹಿಡಿದರೂ ಸರಿ, ಬಳಸುದಾರಿಯಲ್ಲಿ ಕರೆತಂದರಾಯಿತು’ ಎಂದುಕೊಂಡ. ಹಳೆಯ ನಡೆಯ ಮನೆಗಳವರೆಲ್ಲ ಅವನ ಮುಷ್ಟಿಯನ್ನು ನೋಡಿಕೊಂಡು ಕಡಲೆಯನ್ನೇ ಹಾಕಿದರು. ಗಡಿಗೆ ಬಗ್ಗಿಸಿದಾಗ ಕಡಲೆಯೇ ಹೆಚ್ಚಿತ್ತು.

ಅಂದೇ ದೋಣಿಯನ್ನು ದಡಕ್ಕೆಳೆದು ಕೊಡಲಿಯಿಂದ ಒಡೆದರು. ಗೆದ್ದ ವ್ಯಾಪಾರಿ ಅದರ ಹಲಗೆಗಳನ್ನು ಗಾಡಿಯಲ್ಲಿ ಹೇರಿ, ನಿಮ್ಮ ಅನ್ನದಾನಕ್ಕೆ ಸೌದೆಯಾಗಲಿ ಎಂದು ರೈತನ ಹಿತ್ತಲಿಗೆ ಕಳಿಸಿಕೊಟ್ಟ. ಎಣ್ಣೆ ಹೀರಿದ ಹಳೆಯ ಹಲಗೆ. ಚೆನ್ನಾಗಿ ಉರಿಯಿತು.

ಅಂದು ಸೋಮವಾರ. ಸಂಜೆಯಾಯಿತು. ಹೆಂಡತಿ ಅನ್ನ ಬಸಿದಳು. ರೈತ ಮಿಳ್ಳೆ ತುಂಬಿಸಿಟ್ಟು ಕುಳಿತ. ಯಾರೂ ಬರಲಿಲ್ಲ. ದೋಣಿಯೇ ಇಲ್ಲದ ಮೇಲೆ ದಾರಿಹೋಕರು ಬರುವುದು ಹೇಗೆ? ಅದು ಅವನಿಗೆ ಹೊಳೆದದ್ದೇ ಆಗ. ಬರಿದಾದ ಜಗಲಿಯಲ್ಲಿ ಕೂರಲಾರದೆ ಎದ್ದು, ಎಷ್ಟೋ ಕಾಲದ ಮೇಲೆ ಸಂಜೆ ಹೊತ್ತಿನಲ್ಲಿ ಹೊಳೆಯ ಕಡೆಗೆ ನಡೆದ.

ದಂಡೆಗೆ ಇಳಿಯುತ್ತಿದ್ದವನು ನಡುವೆಯೇ ನಿಂತ.

ಗಂಟೆ ಬಾರಿಸುತ್ತಿತ್ತು. ಢಣ್, ಢಣ್ ಎಂದು, ನೀರಿನ ಮೇಲೆ ಹಾಸಿಕೊಂಡು ಬರುತ್ತಿತ್ತು. ಮುತ್ತಜ್ಜನ ಗಂಟೆಯೇ. ಹುಡುಗನಾಗಿದ್ದಾಗಿನಿಂದ ಕೇಳಿದ ದನಿ, ತಪ್ಪುವುದುಂಟೇ? ಅವನಿಗೆ ಕೈ ಮುಗಿಯಬೇಕೆಂಬುದೂ ನೆನಪಾಗಲಿಲ್ಲ.

ಗಂಟೆ ನಿಂತಿತು. ಆಗ ಆಚೆ ದಡದಲ್ಲಿ ದೀಪಗಳು ಓಡಾಡುವುದು ಕಂಡಿತು. ಹೆಂಗಸರು ಸೀರೆ ಹಿಡಿದು ಮರೆ ಮಾಡುತ್ತಿದ್ದರು. ಯಾರೋ ದನಿಯೆತ್ತಿ ಕೂಗಿದರು: “ಆ ದಡದಲ್ಲಿ ಯಾರಿದ್ದೀರಿ! ದೋಣಿ ಕಳಿಸಿರಪ್ಪೋ! ನಿಮ್ಮ ಊರ ಮಗಳಿಗೆ ನೋವು ಬಂದಿದೆ! ಜಗಲಿ ಯಜಮಾನರ ಮಗಳು!”

ರೈತ ಸುತ್ತ ನೋಡಿದ. ದೋಣಿ ಕಟ್ಟುತ್ತಿದ್ದ ಗೂಟವಿತ್ತು. ಆ ಗೂಟದ ಬುಡದಲ್ಲಿ, ಆಚೆಗೆ ಹೋಗಲು ದಾರಿ ಕಾಣದೆ, ಅದೇ ಕಂಬಳಿಯವನು ಕುಳಿತಿದ್ದ. ರೈತನನ್ನು ಕಂಡವನೇ ಎದ್ದು ಕಾಲಿಗೆ ಬಿದ್ದ.

“ನನ್ನದು ತಪ್ಪಾಯಿತು ಯಜಮಾನರೇ. ಮಗಳು ನನ್ನ ಕೈಯಲ್ಲೇ ಹೇಳಿಕಳಿಸಿದ್ದಳು. ‘ದಿನಕ್ಕೆ ಮೊದಲೇ ಆಗುವ ಹಾಗಿದೆ ಅಂತ ಸೂಲಗಿತ್ತಿ ಹೇಳಿದ್ದಾಳೆ. ಸೋಮವಾರ ಸಂಜೆ ಗುಡಿಯ ಗಂಟೆ ಆಗುತ್ತಲೇ ದಂಡೆಯಲ್ಲಿ ಇರುತ್ತೇನೆ, ಅಪ್ಪ ದೋಣಿ ತರಲಿ’ ಅಂದಿದ್ದಳು.”

“ಮತ್ತೆ ಹೇಳಲಿಲ್ಲವೇಕೋ?” ಎಂದ ರೈತ.

“ಹೇಗೆ ಹೇಳಲಿ? ಆ ಮಾತಿನಲ್ಲೇ ಗಂಟೆ ಇತ್ತಲ್ಲ! ನಿಮ್ಮ ಜಗಲಿಯಲ್ಲಿ ಗಂಟೆ ಬಾರಿಸಿದರೆ ಮಜ್ಜಿಗೆ, ಕರಗಿದರೆ ತುಪ್ಪ. ಇದು ಆಚೆಯ ಧರ್ಮಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಗುಡಿಯ ಮಗ್ಗುಲಲ್ಲೇ ಧರ್ಮಶಾಲೆ. ಗಂಟೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಗಂಟೆ ಕರಗಿತೆಂದು ಹೇಳು ಅಂತ ಕಿವಿಯಲ್ಲಿ ಕೂಗಿ ಕಲಿಸುತ್ತಾರೆ.”

“ನನ್ನ ಉಪ್ಪುಂಡು ಸುಳ್ಳು ಹೇಳಿದೆಯಾ?”

ಕಂಬಳಿಯವನು ತಲೆಯೆತ್ತಿದ. “ಉಪ್ಪು ಎಲ್ಲರ ಮನೆಯಲ್ಲೂ ಹಾಕುತ್ತಾರೆ, ಯಜಮಾನರೇ. ನಾನು ಹೇಳಿದ್ದು ತುಪ್ಪಕ್ಕೆ.”

ರೈತ ತಿರುಗಿ ನೋಡಿದ. ಹಿಂದೆ, ಊರಿನ ಕಡೆ, ಅವನ ಮನೆಯ ಒಲೆಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಅದು ದೋಣಿಯ ಹೊಗೆ.

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪ ಹತ್ತಿರ ಸರಿದು ಕೇಳಿದ:

“ಅಜ್ಜಾ, ಮಗಳು ಏನಾದಳು?”

“ಶಿವ ದೊಡ್ಡವನು. ಅವನು ಆಚೆಯವರ ಕೈಯಲ್ಲೂ ಇದ್ದಾನೆ. ಪೂಜಾರಿ ಗರ್ಭಗುಡಿಯ ದೀಪವನ್ನೇ ತಂದು ಹಿಡಿದ. ಕಂಡರಿಯದ ಹೆಂಗಸರು ಅವ್ವನ ಜಾಗದಲ್ಲಿ ಕೂತರು. ತಾಯಿ ಮಗು ಇಬ್ಬರೂ ಉಳಿದರು. ರೈತ ಮೊಮ್ಮಗನ ಮೊದಲ ಅಳುವನ್ನು ಈ ದಡದಲ್ಲಿ ಕುಳಿತು ಕೇಳಿದ. ಎತ್ತಿಕೊಳ್ಳಲು ಹೊಳೆ ಅಡ್ಡವಿತ್ತು. ಬೆಳಗ್ಗೆ ಬಡಗಿಯ ಬಾಗಿಲಿಗೆ ಹೋಗಿ ನಿಂತ. ಹೊಸ ದೋಣಿಗೆ ಮೊದಲ ಮರ ಅವನ ಹೊಲದ್ದೇ.”

ಅಡಿವೆಪ್ಪ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುತ್ತ ಅವನಿಗೆ ನಗುವೂ ಬಂತು.

“ನಾನು ಹೇಳಿದ್ದೂ ಇದನ್ನೇ ಅಲ್ಲವೇ ಅಜ್ಜಾ! ನಮ್ಮ ಮೇಲೋಣಿಯವರು ಥೇಟ್ ಆ ರೈತನೇ. ತಮಗೆ ಬೇಕಾದ್ದನ್ನು ಹೇಳಿದವರನ್ನೇ ನಂಬುತ್ತಾರೆ.”

ಅಜ್ಜನವರು ಪ್ರೀತಿಯಿಂದ ಅವನ ಬೆನ್ನಿನ ಮೇಲೆ ಕೈಯಿಟ್ಟು ಕೇಳಿದರು:

“ಅವರು ಹೀಗೇ ಎಂದು ನಿನಗೆ ಹೇಳಿದವನ ಎಲೆಗೆ ಇವತ್ತು ಎಷ್ಟು ಸೌಟು ಹುಗ್ಗಿ ಹಾಕಿದೆ, ತಮ್ಮಾ?”