ವಿನ್ನಮ್ಮನ ಕೈಗಂಟೆ

ಕಾಲು ಒಳಗೆಳ್ಕೊ, ಹೊದ್ಕೊ. ಹೂಂ ಅಂತಿರ್ಬೇಕು, ಇಲ್ಲಾಂದ್ರೆ ಹೇಳಲ್ಲ ನೋಡು. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲ ಅದು, ಸಮುದ್ರದಾಚೆ ಚಳಿ ಕೊರೆಯೋ ಒಂದು ದ್ವೀಪದಲ್ಲಿ ವಿನ್ನಾ ಅನ್ನೋ ಸನ್ಯಾಸಿನಿ ಇದ್ದಳಂತೆ, ಯೇಸುಸ್ವಾಮಿ ಭಕ್ತೆ. ನಾನು ವಿನ್ನಮ್ಮ ಅಂತೀನಿ. ಮಹಾ ಪುಕ್ಕಲಿ! ಗುಡುಗಿದ್ರೆ ಮಂಚದ ಕೆಳಗೆ ತೂರ್ಕೊಳ್ತಿದ್ದಳಂತೆ, ನಿನ್ನ ಹಾಗೇನೇ.

ಅವಳ ಹತ್ರ ಒಂದು ಕಬ್ಬಿಣದ ಕೈಗಂಟೆ. ಮಂಜು ಕವಿದಾಗ ಮೂರು ಸಲ ಬಾರಿಸಿ ನಿಲ್ಲಿಸಿದ್ರೆ, ದಡ ಇಲ್ಲಿದೆ ಬನ್ನಿ ಅಂತ ಮೀನಿನ ದೋಣಿಯವ್ರಿಗೆ. ಬಿಡದೆ ಗಣಗಣ ಬಾರಿಸಿದ್ರೆ, ಇಲ್ಲಿ ಬಂಡೆ ಇದೆ, ದೂರ ಹೋಗಿ ಅಂತ. ಅದು ಆ ಊರವ್ರಿಗೆ ಮಾತ್ರ ಗೊತ್ತಿದ್ದ ಕಟ್ಟಳೆಯಂತೆ.

ಆಮೇಲೆ ಒಂದು ಬೆಳಿಗ್ಗೆ ಪಕ್ಕದ ದ್ವೀಪದಿಂದ ಹೊಗೆ ವಾಸನೆ ಬಂತಂತೆ. ಕಡಲುಗಳ್ಳರು! ಉದ್ದ ಹಡಗಲ್ಲಿ ಬಂದು, ಮನೆಗೆ ಬೆಂಕಿ ಇಟ್ಟು, ಜನರನ್ನ ಕಟ್ಟಿ ಎಳ್ಕೊಂಡು ಹೋಗೋರು. ಸದ್ದು ಕೇಳಿಸಿದ್ರೆ ಕೆಟ್ವಿ ಅಂತ ಊರವ್ರು ಗಂಟೆಯ ನಾಲಿಗೆಗೆ ಕುರಿ ಉಣ್ಣೆ ಸುತ್ತಿಸಿಬಿಟ್ರಂತೆ. ಸುತ್ತಿದವಳು ಬೆರ್ತಾ ಅನ್ನೋ ವಿಧವೆ. ಸುತ್ತಿ ತಲೆ ಎತ್ತಿ ನೋಡ್ತಾಳೆ, ಸಮುದ್ರ ಪೂರ್ತಿ ಮಂಜು! ಅವಳ ಮೂರು ಗಂಡುಮಕ್ಕಳು ಮೂರು ದೋಣೀಲಿ ಅದರೊಳಗೇ ಇದ್ದಾರೆ. ಅಯ್ಯೋ ತಾಯಿ, ನನ್ನ ಮಕ್ಕಳು ಬಂಡೆಗೆ ಬಡ್ಕೊಂಡು ಸಾಯ್ತಾರೆ, ಬಾರಿಸಮ್ಮಾ ಅಂತ ಅವಳೇ ವಿನ್ನಮ್ಮನ ಕಾಲು ಹಿಡ್ಕೊಂಡಳಂತೆ.

ವಿನ್ನಮ್ಮನಿಗೆ ಎದೆ ಡವಡವ. ದೇವರೇ, ಈ ಹೆದರಿಕೆ ತೆಗಿಯಪ್ಪಾ ಅಂತ ಬೇಡ್ಕೊಂಡಳು, ಅದು ಹೋಗಲೇ ಇಲ್ಲವಂತೆ. ಆದ್ರೂ ಉಣ್ಣೆ ಕಿತ್ತು ಮೂರು ಸಲ ಬಾರಿಸಿದಳು, ದೊಡ್ಡವನ ದೋಣಿ ಬಂತು. ಆಮೇಲೆ ಮತ್ತೆ ಮೂರು, ನಡುವಿನವನು ಬಂದ. ಆಮೇಲೆ ಮೂರನೇ ಸರ್ತಿ ಬಾರಿಸ್ತಾಳೆ, ಮಂಜಿನೊಳಗಿಂದ ಛಪ್ ಛಪ್, ಛಪ್ ಛಪ್, ಒಂದಲ್ಲ ಎರಡಲ್ಲ, ನಲವತ್ತು ಹುಟ್ಟು ಹಾಕೋ ಸದ್ದು! ಕಳ್ಳರು ಗಂಟೆ ಸದ್ದು ಹಿಡ್ಕೊಂಡೇ ಬರ್ತಿದ್ದಾರೆ. ನಿಲ್ಲಿಸೇ, ನಿಲ್ಲಿಸೇ ಅಂತ ಊರವ್ರೆಲ್ಲ ಗುಡ್ಡಕ್ಕೆ ಓಡಿದರಂತೆ. ನಿಲ್ಲಿಸಿದ್ರೆ ಕಿರಿಯವನು ಸಾಯ್ತಾನೆ, ಬಾರಿಸಿದ್ರೆ ಊರೇ ಬೆಂಕಿಗೆ. ಏನು ಮಾಡಿದಳು ಹೇಳು?

ನೀರಿಗಿಳಿದಳು ಮಗಾ. ಗಂಟೆ ಹಿಡ್ಕೊಂಡು ಸೊಂಟದುದ್ದ ನೀರಲ್ಲಿ ನಡ್ಕೊಂಡು ಹೋಗಿ ಬಂಡೆ ಮೇಲೆ ನಿಂತಳಂತೆ. ಬಿಡದೆ ಬಾರಿಸಬೇಕು, ಆದ್ರೆ ಚಳಿಗೆ ತೋಳು ಮರಗಟ್ಟಿ ಎತ್ತೋಕೇ ಆಗ್ತಿಲ್ಲ. ಹುಟ್ಟಿನ ಸದ್ದು ಹತ್ರ, ಇನ್ನೂ ಹತ್ರ. ಹೆದರಿಕೆಗೆ ಕೈ ಗಡಗಡ ನಡುಗೋಕೆ ಶುರುವಾಯ್ತು ನೋಡು, ಆ ನಡುಕಕ್ಕೇ ಗಂಟೆ ಗಣಗಣ ಗಣಗಣ, ನಿಲ್ಲಲೇ ಇಲ್ಲವಂತೆ!

ಕಿರಿಯವನು ಕೇಳಿದ. ಓ, ಬಂಡೆ ಇತ್ತ ಅಂದ್ರೆ ದಡ ಅತ್ತ ಅಂತ ದೋಣಿ ತಿರುಗಿಸಿ ಅಮ್ಮನ ಹತ್ರ ಬಂದ. ಕಳ್ಳರಿಗೇನು ಗೊತ್ತು, ಊರು ಸಿಕ್ತು ಅಂತ ಸದ್ದಿನ ಕಡೆಗೇ ನುಗ್ಗಿದರು, ಹಡಗು ಬಂಡೆಗೆ ಬಡಿದು ಚೂರುಚೂರು. ಹಲಗೆ ಹಿಡ್ಕೊಂಡು ತೇಲಿಹೋದೋರು ಮತ್ತೆ ಇತ್ತ ತಲೆ ಹಾಕಲಿಲ್ಲವಂತೆ. ಆಮೇಲೆ ಕಡಲು ಉಬ್ಬಿ ನೀರು ಏರಿ ಏರಿ ವಿನ್ನಮ್ಮನ ಕುತ್ತಿಗೆ ಮುಟ್ಟೋ ಹೊತ್ತಿಗೆ ಬೆರ್ತಾ ಮೂರು ಮಕ್ಕಳನ್ನೂ ಕರ್ಕೊಂಡು ಬಂದು ಅವಳನ್ನ ದೋಣಿಗೆ ಎಳ್ಕೊಂಡಳಂತೆ. ಕೈ ಆಗಲೂ ನಡುಗ್ತಾನೇ ಇತ್ತಂತೆ.

ತುಂಬಾ ವರ್ಷ ಬಾಳಿ ವಿನ್ನಮ್ಮ ತೀರಿಹೋದ ಮೇಲೆ ಜನ ಅವಳನ್ನ ಸಂತಮ್ಮ ಅಂತ ಕರೆದರು. ಗಂಟೆ ಅಲ್ಲಿನ ಇಗರ್ಜೀಲಿ ಇನ್ನೂ ಇದೆಯಂತೆ. ಮಕ್ಕಳು ಹೆದರಿ ನಡುಗಿದ್ರೆ, ಹೆದರಬೇಡ ಅಂತ ಅಲ್ಲಿ ಯಾರೂ ಅನ್ನಲ್ಲವಂತೆ. ಆ ಗಂಟೆ ತಂದು ಕೈಗೆ ಕೊಡ್ತಾರಂತೆ.

ದೋಣಿ ದಡ ಸೇರ್ತು, ನನ್ನ ಕತೆಯೂ ಮುಗೀತು. ಎಲ್ಲಿ, ನಿನ್ನ ಕೈ ಕೊಡಿಲ್ಲಿ, ಹಿಡ್ಕೊಂಡೇ ಮಲಗು.