ಹೋಗಿ ಬರುವವರ ಲೆಕ್ಕ

ಮೂಡುಬಾಗಿಲ ಮನೆತನಕ್ಕೆ ಊರೇ ಎದ್ದು ನಿಲ್ಲುತ್ತಿತ್ತು. ನಾಲ್ಕು ತಲೆಮಾರಿನಿಂದ ಆ ಮನೆಯ ಬಾಗಿಲು ಊಟದ ಹೊತ್ತಿಗೆ ಮುಚ್ಚಿದ್ದಿಲ್ಲ. ಆಡಿದ ಮಾತಿಗೆ ಆ ಮನೆಯವರು ತಪ್ಪಿದ್ದೂ ಇಲ್ಲ. ಆ ಮನೆಯ ಮಗಳು ವಾರಿಜಾ ನದಿಯ ದಡದ ಆಶ್ರಮದಲ್ಲಿ ಶಿಷ್ಯೆಯಾಗಿದ್ದಳು. ತನ್ನ ಮನೆತನವನ್ನು ಅಲ್ಲಿ ಯಾರೂ ಮರೆಯದಂತೆ ನೋಡಿಕೊಂಡಿದ್ದಳು.

ಗುರುಗಳು ಕಲಿಸುತ್ತಿದ್ದದ್ದು ಕಂಪ್ಯೂಟರ್ ಜಾಲಗಳ ವಿದ್ಯೆ. ಪಾಠದ ವಿಡಿಯೊವನ್ನು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟು, ತಮ್ಮ ಯಂತ್ರವನ್ನು ಆರಿಸಿಬಿಡುತ್ತಿದ್ದರು. ಉಳಿದದ್ದನ್ನು ಶಿಷ್ಯರು ತಮ್ಮ ಲ್ಯಾಪ್‌ಟಾಪ್‌ಗಳಿಂದ ಒಬ್ಬರಿಗೊಬ್ಬರು ಕೊಟ್ಟು ಪಡೆಯಬೇಕು.

ಪಾಠ ಎಲ್ಲರನ್ನೂ ತಲುಪಲು ಎಷ್ಟು ಹೊತ್ತು ಬೇಕೆಂದು ವಾರಿಜಾ ಗಣಿತದ ಮಾದರಿಯೊಂದನ್ನು ಕಟ್ಟಿದಳು. ಅದು ನಿಜವಾದರೆ ಹೊಸ ಶಿಷ್ಯರಿಗೆ ಕಲಿಸುವ ಪೀಠ ಅವಳದು ಎಂದು ಗುರುಗಳು ಹೇಳಿದ್ದರು.

"ಊಟದ ಗಂಟೆಗೆ ಮೊದಲು ಎಲ್ಲರಿಗೂ ಪೂರ್ತಿ ಸಿಗುತ್ತದೆ," ಎಂದಳು ವಾರಿಜಾ.

ಊಟದ ಗಂಟೆ ಹೊಡೆಯಿತು. ಕಾಯುತ್ತಿದ್ದವರ ಪರದೆಯ ಮೇಲೆಲ್ಲ ನೂರಕ್ಕೆ ತೊಂಬತ್ತೊಂಬತ್ತು. ಒಂದು ತುಂಡು ಮಾತ್ರ ಯಾರಿಗೂ ಬಂದಿಲ್ಲ.

"ಮಾದರಿ ಸರಿಯಾಗಿಯೇ ಇದೆ, ಗುರುಗಳೇ. ಬಳಸುವವರು ಸರಿಯಿಲ್ಲ."

"ಏನು ಮಾಡಿದರಮ್ಮ?"

"ತಮ್ಮದು ತುಂಬಿದ ಕೂಡಲೇ ಯಾರೋ ತಮ್ಮ ಪಾಲಿನ ತುಂಡು ಕೊಡದೆ ಎದ್ದುಹೋಗಿದ್ದಾರೆ. 'ಹೋಗಿ ಬರ್ತೀನಿ' ಅಂದವರನ್ನೆಲ್ಲ ನಾನು ಬರುವವರ ಲೆಕ್ಕಕ್ಕೆ ಸೇರಿಸಿದ್ದೆ."

"ಹೆಣ್ಣು ನೋಡಿ ಒಪ್ಪದವರೂ 'ಹೋಗಿ ಬರ್ತೀವಿ' ಅಂತಲೇ ಏಳೋದು."

"ನಮ್ಮ ಮನೆಯಲ್ಲಿ ಹಾಗೆ ಅಂದವರು ಬರುತ್ತಾರೆ. ಎದ್ದುಹೋದವರು ಯಾರೇ ಇರಲಿ, ಎಲ್ಲರ ಎದುರು ನಿಂತುಕೊಂಡು ಕ್ಷಮೆ ಕೇಳಬೇಕು."

"ನ್ಯಾಯವೇ. ಊಟಕ್ಕೆ ಬಾ."

ಅಂದು ಬಡಿಸುವ ಸರದಿ ಗುರುಗಳದು. ಪಂಕ್ತಿ ಕೂತಿತು. ಗುರುಗಳು ತಮ್ಮ ಎಲೆಗೆ ಅನ್ನ ಹಾಕಿಕೊಂಡರು, ಹುಳಿ ಹಾಕಿಕೊಂಡರು, ನಿಧಾನವಾಗಿ ಉಂಡರು. ಆಮೇಲೆ ಪಾತ್ರೆಗಳಿಗೆಲ್ಲ ಮುಚ್ಚಳ ಹಾಕಿದರು.

"ಹೋಗಿ ಬರ್ತೀನಿ," ಎಂದು ಎದ್ದರು.

"ಗುರುಗಳೇ, ನಮಗೆ ಯಾರಿಗೂ ಬಡಿಸಿಲ್ಲ."

"ನನ್ನದಾಯ್ತಲ್ಲ."

"ಇದು ಯಾವ ಮನೆಯ ಪದ್ಧತಿ?" ವಾರಿಜಾಳ ದನಿ ಗಡುಸಾಯಿತು.

"ನಿನ್ನ ಲ್ಯಾಪ್‌ಟಾಪ್ ಎಲ್ಲಮ್ಮ?"

"ಕೋಣೆಯಲ್ಲಿದೆ. ನನ್ನದು ಎಲ್ಲರಿಗಿಂತ ಮೊದಲೇ ತುಂಬಿತು. ಧೂಳು ಕೂರದಿರಲಿ ಅಂತ ಮುಚ್ಚಿ, ಮೇಲೆ ಕಸೂತಿ ಬಟ್ಟೆ ಹೊದಿಸಿ..."

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು.

"ಏಳುವಾಗ 'ಹೋಗಿ ಬರ್ತೀನಿ' ಅಂದಿದ್ರಿ, ಅಕ್ಕ," ಎಂದ ಪಕ್ಕದ ಎಲೆಯ ಕರಿಬಸಪ್ಪ. "ನಾನು ನಂಬಿ ಕೂತಿದ್ದೆ."

ವಾರಿಜಾ ಸೆರಗು ಸರಿಮಾಡಿಕೊಂಡಳು.

"ಇವತ್ತೇ ಮಾದರಿಯನ್ನು ತಿದ್ದುತ್ತೇನೆ, ಗುರುಗಳೇ. ತುಂಬಿದ ಮೇಲೆ ಮುಚ್ಚಿ ಹೋಗುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಮೂಡುಬಾಗಿಲ ಮನೆತನದಲ್ಲಿ..."

ಗುರುಗಳು ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಸೌಟು ಹಿಡಿದರು.

"ಮೊದಲು ಲ್ಯಾಪ್‌ಟಾಪ್ ತೆರೆದಿಟ್ಟು ಬಾ. ಬಂದು, ಎಲ್ಲರ ಎದುರು ನಿಂತುಕೊಂಡು ಕ್ಷಮೆ ಕೇಳು."