ಕಂಪ್ಯೂಟರಿಗೆ ಮಾತು ಬರಿಸಿದ ಮಂಟೇಶ

ಕೊಳ್ಳೇಗಾಲದ ಒಂದು ಬೀದಿಯಲ್ಲಿ ರಾಚಮ್ಮ ಟೀಚರ್ ಅಂತ ಇದ್ದರು. ಹುಟ್ಟಿದಾಗಿನಿಂದ ಅವರಿಗೆ ಕಣ್ಣು ಕಾಣದು. ಒಬ್ಬನೇ ಮಗ, ಮಂಟೇಶ. ಅವನಿಗೆ ಕಣ್ಣು ಚೆನ್ನಾಗೇ ಕಾಣುತ್ತಿತ್ತು, ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲು ನೋಡ್ಕೋ ಅಂದರೆ ಉಕ್ಕಿ ಒಲೆ ಆರುವ ತನಕ ನೋಡುತ್ತಾ ನಿಂತಿರುತ್ತಿದ್ದ. "ಇವನನ್ನ ಕಟ್ಕೊಂಡು ಹೇಗೆ ಬಾಳಲಿ" ಅಂತ ರಾಚಮ್ಮ ದಿನಾ ಕೊರಗುತ್ತಿದ್ದರು.

ರಾಚಮ್ಮನ ಕೆಲಸ ಖಾಯಂ ಆಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕಿತ್ತು. ಹಿಂದೆ ಇವರು ಹೇಳಿದ್ದನ್ನು ಬರೆಯೋಕೆ ಅಂತ ಕೂರಿಸಿದವರು ಏನೇನೋ ಗೀಚಿ ಫೇಲು ಮಾಡಿಸಿದ್ದರು. ಈ ಸಲ ತಮ್ಮದೇ ಕಂಪ್ಯೂಟರಿನಲ್ಲಿ ಬರೆಯೋಕೆ ಒಪ್ಪಿಗೆ ಸಿಕ್ಕಿತ್ತು. ಪರದೆಯ ಮೇಲಿನ ಅಕ್ಷರವನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಕಂಪ್ಯೂಟರ್ ಅದು. ಪರೀಕ್ಷೆ ನಾಳೆ. ವಯಸ್ಸು ಮೀರುತ್ತಿದ್ದುದರಿಂದ ಇದೇ ಕೊನೆಯ ಅವಕಾಶ. ಪರೀಕ್ಷಾ ಕೇಂದ್ರದಿಂದ ಜಬೀನಾ ಮೇಡಂ ಅನ್ನುವವರು ಅವತ್ತೇ ಸಂಜೆ ಬಂದು, ಕಂಪ್ಯೂಟರ್ ಪರೀಕ್ಷಿಸಿ, ಮೊಹರು ಹಾಕಿ ಒಯ್ಯಬೇಕಿತ್ತು.

ಅವತ್ತು ಬೆಳಿಗ್ಗೆಯೇ ಕಂಪ್ಯೂಟರ್ ತನಗೆ ತಾನೇ ಅಪ್‌ಡೇಟ್ ಅಂತ ಏನೋ ಹೊಸದು ತುಂಬಿಕೊಂಡು ಮೂಕವಾಯಿತು.

ಓದಿ ಹೇಳುವ ಆ ತಂತ್ರಾಂಶವನ್ನು ಯಾರೋ ಪುಣ್ಯವಂತರು ಬರೆದು, ಅದರೊಳಗಿನ ಬರಹವನ್ನೂ, ಅಂದರೆ ಕೋಡನ್ನೂ, ಎಲ್ಲರಿಗೂ ಬಿಚ್ಚಿಟ್ಟಿದ್ದರು. ಇವರ ಹಳೆಯ ಕಂಪ್ಯೂಟರಿಗೆ ಅದರ ಸಿದ್ಧ ಪ್ರತಿ ಸಿಗದು. ಆ ಮೂಲ ಬರಹದಿಂದಲೇ ಮತ್ತೆ ಕಟ್ಟಿಕೊಳ್ಳಬೇಕು. ಕಟ್ಟುವುದು ಹೇಗೆಂದು ರಾಚಮ್ಮನಿಗೆ ಬಾಯಿಪಾಠವಿತ್ತು. ಆದರೆ ಪರದೆಯ ಮೇಲೆ ಏನು ಬಂತೆಂದು ತಿಳಿಯೋಕೆ ದನಿಯೇ ಇಲ್ಲ. ಮಂಟೇಶನ ಕಣ್ಣನ್ನೇ ನಂಬಬೇಕು.

ರಾಚಮ್ಮ ಹೇಳಿದರು, ಮಂಟೇಶ ಟೈಪ್ ಮಾಡಿದ.

"ಏನು ಬಂತು, ಓದಪ್ಪ."

"ಲೈಬ್ರರಿ ಇಲ್ಲ ಅಂತದೆ ಅವ್ವ."

"ಇಲ್ಲದಿದ್ರೆ ತಂದು ಹಾಕು" ಅಂದು ರಾಚಮ್ಮ ಅನ್ನಕ್ಕಿಡಲು ಒಳಗೆ ಹೋದರು. ಬಂದು ತಡವಿದರೆ ಕುರ್ಚಿ ಖಾಲಿ. ಕೂಗಿದರು, ಉತ್ತರವಿಲ್ಲ. ಕೂತರು, ಎದ್ದರು, ಬಾಗಿಲಿಗೆ ಹೋಗಿ ಬಂದರು. ಬಹಳ ಹೊತ್ತಿಗೆ ಮಂಟೇಶ ಏದುಸಿರು ಬಿಡುತ್ತಾ ಬಂದ.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಲೈಬ್ರರಿಗೆ. ಅದನ್ನ ತರೋಕಾಗಲ್ಲ ಅವ್ವ, ಭಾರಿ ಕಟ್ಟಡ. ಒಂದು ಪುಸ್ತಕ ಕೊಟ್ರು. ಕಂಪ್ಯೂಟರ್ ಮೇಲೆ ಇಟ್ಟಿದೀನಿ."

ರಾಚಮ್ಮ ಹಣೆ ಚಚ್ಚಿಕೊಂಡರು. "ಆ ಲೈಬ್ರರಿ ಅಲ್ವೋ. ಯಾರೋ ಮೊದಲೇ ಬರೆದಿಟ್ಟ ಕೋಡಿಗೂ ಲೈಬ್ರರಿ ಅಂತಾರೆ. ನಮ್ಮ ತಂತ್ರಾಂಶಕ್ಕೆ ಅದು ಬೇಕು. ಇಂಟರ್ನೆಟ್ಟಿಂದ ತರಿಸ್ಕೋಬೇಕು. ಪರದೆ ಮೇಲೆ ಏನಿದೆಯೋ ಅದನ್ನ ಒಂದಕ್ಷರ ಬಿಡದೆ ಟೈಪ್ ಮಾಡಿ ಕೇಳು."

"ಆಗಲಿ ಅವ್ವ."

ಒಂದಕ್ಷರ ಬಿಡಲಿಲ್ಲ ಅವನು. ಲೈಬ್ರರಿಯ ಹೆಸರು ಬರೆದ. ಅದರ ಮುಂದಿದ್ದ 'ಹುಡುಕಿದೆ, ಸಿಗಲಿಲ್ಲ, ಕೆಲಸ ನಿಲ್ಲಿಸಿದ್ದೇನೆ' ಎಂಬುದನ್ನೂ ಬರೆದ.

"ಏನಂತದೆ?"

"ಹುಡುಕಿದೆ ಅನ್ನೋ ಲೈಬ್ರರಿ ಇಲ್ವಂತೆ. ಸಿಗಲಿಲ್ಲ ಅನ್ನೋದೂ ಇಲ್ವಂತೆ. ನಿಲ್ಲಿಸಿದ್ದೇನೆ ಅನ್ನೋದು—"

"ಸಾಕು, ಸಾಕು. ಹೆಸರಷ್ಟೇ ಬೇಕು ಕಣೋ. ಬಾಲ ಕತ್ತರಿಸಿ ಹಾಕು."

"ಆಗಲಿ ಅವ್ವ."

ಲೈಬ್ರರಿಯ ಹೆಸರು ಲಿಬ್‌ದನಿ-ಡೆವ್. ಮಂಟೇಶ ದಿಟ್ಟಿಸಿ ನೋಡಿದ. ಕೊನೆಯಲ್ಲಿ ಗೀಟು ಎಳೆದು ಅಂಟಿಸಿದ ಡೆವ್ ಅವನಿಗೆ ಅಪ್ಪಟ ಬಾಲದ ಹಾಗೆ ಕಂಡಿತು. ಕತ್ತರಿಸಿದ. ಲಿಬ್‌ದನಿ ಬಂದು ಕೂತಿತು. ಮತ್ತೆ ಕಟ್ಟಲು ಹೊರಟರೆ ಲೈಬ್ರರಿ ಇಲ್ಲ. ಮತ್ತೆ ತರಿಸಿದರು, ಆಗಲೇ ಇದೆ ಅಂದಿತು. ಮತ್ತೆ ಕಟ್ಟಿದರು, ಇಲ್ಲ ಅಂದಿತು. ಇದೆ ಅನ್ನುವುದೂ ಅದೇ, ಇಲ್ಲ ಅನ್ನುವುದೂ ಅದೇ. ರಾಚಮ್ಮನಿಗೆ ತಲೆ ಸುತ್ತಿ ಬಂತು. ಹೊಸಿಲ ಮೇಲೆ ಕೈಯಿಟ್ಟು ನೋಡಿದರು. ಬಿಸಿಲು ಅರ್ಧ ಸರಿದಿತ್ತು.

"ಹೆಸರಿನ ಮುಂದೆ ಡೆವ್ ಅಂತ ಏನಾದ್ರೂ ಇತ್ತೇನೋ?"

"ಇತ್ತು. ಬಾಲ ಅಂತ ಕತ್ತರಿಸಿದೆ."

"ಅಯ್ಯೋ ಮಂಕೇ, ಆ ಬಾಲದಲ್ಲೇ ಎಲ್ಲ ಇರೋದು. ಬಾಲ ಇಲ್ಲದ್ದು ಬರೀ ಕಟ್ಟಿದ್ದನ್ನ ಓಡಿಸೋಕೆ. ಕಟ್ಟೋಕೆ ಬಾಲ ಇರೋದೇ ಬೇಕು. ಇನ್ನು ನಿನ್ನ ಬುದ್ಧಿ ಓಡಿಸಬೇಡ. ಅದು ಏನು ಕೇಳಿದರೂ ಹೂಂ ಅನ್ನು."

"ಆಗಲಿ ಅವ್ವ."

ಬಾಲ ಸೇರಿಸಿ ಕೇಳಿದ. 'ಇದು ಬರಬೇಕಾದರೆ ಸದ್ದು ಹೊರಡಿಸುವ ಹಳೆಯ ಭಾಗವನ್ನು ಕಿತ್ತು ಹಾಕಬೇಕು, ಹಾಕಲೇ?' ಅಂತ ಕಂಪ್ಯೂಟರ್ ಕೇಳಿತು. ಹೂಂ ಅಂದ. 'ಅದನ್ನು ನೆಚ್ಚಿಕೊಂಡ ಬೇರೆಯವನ್ನೂ ಕೀಳಲೇ?' ಹೂಂ ಅಂದ. 'ನಿಜವಾಗಿಯೂ?' ಹೂಂ ಅಂದ.

ಕೀಲಿ ಒತ್ತಿದಾಗ ಬರುತ್ತಿದ್ದ ಸಣ್ಣ ಟಿಕ್ ಸದ್ದೂ ನಿಂತಿತು. ಏನೇನು ಕೇಳಿತೆಂದು ಮಂಟೇಶ ವಿವರವಾಗಿ ಹೇಳಿದ. ರಾಚಮ್ಮ ಬೈಯಲಿಲ್ಲ. ಗೋಡೆಗೊರಗಿ ಕೂತುಬಿಟ್ಟರು.

"ಹೂಂ ಅನ್ನಬಾರದಿತ್ತಾ ಅವ್ವ?" ಅಂದ ಮಂಟೇಶ.

"ನಿಂದಲ್ಲಪ್ಪ ತಪ್ಪು. ಇನ್ಮೇಲೆ ಯಾರು ಏನು ಕೇಳಿದರೂ ಮೊದಲು ಇಲ್ಲ ಅನ್ನು. ಆಮೇಲೆ ನನ್ನ ಕೇಳು."

"ಆಗಲಿ ಅವ್ವ."

ಈ ಸಲ ರಾಚಮ್ಮ ಅವನ ಪಕ್ಕದಿಂದ ಏಳಲಿಲ್ಲ. ಅವನು ಒಂದೊಂದೇ ಅಕ್ಷರ ಓದಿದ, ಇವರು ಒಂದೊಂದೇ ಅಕ್ಷರ ಹೇಳಿದರು. ಕಿತ್ತದ್ದನ್ನು ಮರಳಿ ಕೂರಿಸಿದರು. ಒಂದು ಲೈಬ್ರರಿ ತಂದರೆ ಅದಕ್ಕೆ ಇನ್ನೊಂದು ಬೇಕಿತ್ತು, ಅದನ್ನು ತಂದರೆ ಮತ್ತೊಂದು. ಹೊಸಿಲು ತಣ್ಣಗಾಗಿತ್ತು. ಕಡೆಗೆ ಕಂಪ್ಯೂಟರ್ ಗೊಗ್ಗರು ದನಿಯಲ್ಲಿ "ನಮಸ್ಕಾರ" ಅಂದಿತು. ರಾಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮುಖ ತೊಳ್ಕೊಂಡು ಬರ್ತೀನಿ. ಏನೂ ಮುಟ್ಟಬೇಡ."

ಬಚ್ಚಲಲ್ಲಿ ನೀರು ಸುರಿದುಕೊಳ್ಳುವಾಗ ಬಾಗಿಲಲ್ಲಿ ಯಾವುದೋ ಹೆಂಗಸಿನ ದನಿ ಕೇಳಿದಂತಾಯಿತು. ತಂಬಿಗೆ ಕೆಳಗಿಟ್ಟು ಕಿವಿಗೊಟ್ಟರು.

"ರಾಚಮ್ಮ ಟೀಚರ್ ಮನೆ ಇದೇನಾ?"

"ಇಲ್ಲ."

"ಪರೀಕ್ಷೆಗೆ ಕಂಪ್ಯೂಟರ್ ಸಿದ್ಧ ಇದೆ ಅಂದಿದ್ರಲ್ಲ?"

"ಇಲ್ಲ."

"ಹಾಗಾದ್ರೆ ಅವರು ಪರೀಕ್ಷೆ ಬರೆಯಲ್ವಾ?"

"ಇಲ್ಲ. ಒಂದ್ನಿಮಿಷ, ಅವ್ವನ್ನ ಕೇಳ್ತೀನಿ" ಅಂದು ಮಂಟೇಶ ಒಳಗೆ ಬರುವಷ್ಟರಲ್ಲಿ ಹೊರಗೆ ಸ್ಕೂಟರ್ ಶುರುವಾಯಿತು.

ರಾಚಮ್ಮ ಒದ್ದೆ ಮುಖದಲ್ಲೇ ಗೋಡೆ ಹಿಡಿದು ಓಡಿ ಬಂದರು. "ಓಡೋ ಮಂಟೇಶ, ಆ ಗಾಡಿ ಬಿಡಬೇಡ, ಹಿಡ್ಕೊಂಡು ಬಾ."

ಮಂಟೇಶ ಓಡಿದ. ರಾಚಮ್ಮ ಕಂಬ ಹಿಡಿದು ನಿಂತರು. ಸ್ಕೂಟರಿನ ಸದ್ದು ಬೀದಿಯ ತುದಿಯವರೆಗೂ ಹೋಗಿ, ತಿರುವಿನಲ್ಲಿ ತಟಕ್ಕನೆ ನಿಂತಿತು. ಯಾರೋ ಕೂಗಿದರು. ಆಮೇಲೆ ಚಕ್ರ ಉರುಳುವ ಸದ್ದು, ಮಂಟೇಶನ ಏದುಸಿರು, ಹತ್ತಿರ ಹತ್ತಿರ ಬಂತು.

"ಹಿಡ್ಕೊಂಡು ಬಂದೆ ಅವ್ವ."

ರಾಚಮ್ಮ ಕೈ ಮುಗಿಯುತ್ತಾ ಮುಂದೆ ಬಂದರು. ಕೈಗೆ ಸಿಕ್ಕಿದ್ದು ತಣ್ಣಗಿನ ಹ್ಯಾಂಡಲ್ಲು.

"ಜಬೀನಾ ಮೇಡಂ ಎಲ್ಲೋ?"

"ನೀನು ಗಾಡಿ ಅಂದೆ, ಗಾಡಿ ತಂದೆ. ಅವರನ್ನ ಇಳಿಸಿ ಬಂದೆ. ಆದ್ರೂ ಯಾಕೋ ಕೂಗ್ತಾ ನಮ್ಮನೆ ಕಡೆಗೇ ಓಡಿ ಬರ್ತಾವ್ರೆ ಅವ್ವ. ಬರಬೇಡಿ ಅನ್ನಲಾ?"